ಸಣ್ಣ ವ್ಯಾಪಾರಕ್ಕೆ ತಂತ್ರಾಂಶ: ಬೆಲೆ ಕೇಳುವ ಮೊದಲು

ಮಂಗಳೂರಿನ ಬಂದರಿನ ರಖಂ ಮಳಿಗೆಗಳಿಂದ ಹಿಡಿದು ಉಡುಪಿಯ ರಥಬೀದಿಯ ಪೂಜಾ ಸಾಮಗ್ರಿ ಅಂಗಡಿಗಳವರೆಗೆ, ಬಿಲ್ಲಿಂಗ್‌ಗೂ ಲೆಕ್ಕಕ್ಕೂ ಯಾವ ತಂತ್ರಾಂಶ ಹಾಕಿಸಬೇಕು ಎಂಬ ಪ್ರಶ್ನೆ ಕರಾವಳಿಯ ಸಣ್ಣ ವ್ಯಾಪಾರಿಗಳನ್ನು ಒಂದಲ್ಲ ಒಂದು ದಿನ ಕಾಡುತ್ತದೆ. ಉತ್ತರ ಸಾಮಾನ್ಯವಾಗಿ ಪಕ್ಕದ ಅಂಗಡಿಯವರಿಂದ ಬರುತ್ತದೆ, ಕಂಪ್ಯೂಟರ್ ಮಾರಿದವರಿಂದ ಬರುತ್ತದೆ, ಇಲ್ಲವೇ ಮೊಬೈಲ್‌ನಲ್ಲಿ ಕಾಣಿಸಿಕೊಳ್ಳುವ ಜಾಹೀರಾತಿನಿಂದ ಬರುತ್ತದೆ. ನಮ್ಮ ಅಂಗಡಿಗೆ ನಿಜವಾಗಿ ಏನು ಬೇಕು ಎಂಬ ವಿಚಾರಣೆ ಈ ಯಾವ ಉತ್ತರದ ಹಿಂದೆಯೂ ನಡೆದಿರುವುದಿಲ್ಲ. ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಉತ್ತರ ಸಿಗದೆ ಉಳಿಯುವ ಪ್ರಶ್ನೆ ಯಾವುದು ಎಂಬುದನ್ನು ಮೊದಲು ಗುರುತಿಸಿಕೊಂಡು, ಅದಕ್ಕೆ ಬೇಕಾದಷ್ಟೇ ಸಾಧನವನ್ನು ಆರಿಸಿದರೆ ಖರ್ಚೂ ಹಿಡಿತದಲ್ಲಿರುತ್ತದೆ, ಸಾಧನವೂ ಬಳಕೆಯಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಯ ಪ್ರಶ್ನೆಗಳು

ಯಾರಿಂದ ಎಷ್ಟು ಬಾಕಿ ಬರಬೇಕು, ಅದು ಎಷ್ಟು ದಿನದ ಬಾಕಿ? ಯಾವ ಸರಕು ಮುಗಿಯುತ್ತಾ ಬಂದಿದೆ? ಗಲ್ಲಾದಲ್ಲಿರುವ ನಗದು ಮತ್ತು ಯುಪಿಐ ಮೊತ್ತ ಸೇರಿ ಇಂದಿನ ಮಾರಾಟಕ್ಕೆ ತಾಳೆಯಾಗುತ್ತದೆಯೇ? ಈ ತಿಂಗಳು ಕಟ್ಟಬೇಕಾದ ತೆರಿಗೆ ಎಷ್ಟು? ಬಹುತೇಕ ಸಣ್ಣ ವ್ಯಾಪಾರಗಳ ತಲೆನೋವು ಇವುಗಳಲ್ಲಿ ಒಂದೆರಡರಲ್ಲೇ ಇರುತ್ತದೆ. ನಾಲ್ಕಕ್ಕೂ ನೋಟ್‌ಬುಕ್ಕಿನಿಂದಲೇ ತೃಪ್ತಿಕರವಾದ ಉತ್ತರ ಸಿಗುತ್ತಿದ್ದರೆ ಅದನ್ನು ಬಿಡಬೇಕಾದ ಕಾರಣವಿಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ.

ಮಲ್ಪೆ ಬಂದರಿನ ಸಮೀಪ ದೋಣಿಗಳಿಗೆ ಹಗ್ಗ, ಬಲೆ, ಬಿಡಿಭಾಗ ಮಾರುವ ಒಂದು ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳ ದುರಸ್ತಿಗೆ ಆ ಅವಧಿಯಲ್ಲೇ ಸಾಮಾನು ಸಾಲವಾಗಿ ಹೋಗುತ್ತದೆ, ಮೀನು ಸಿಕ್ಕಿದ ಮೇಲೆ ಹಣ ಬರುತ್ತದೆ. ಪ್ರತಿ ದೋಣಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟವಿದ್ದರೆ ಆ ದೋಣಿಯ ಬಾಕಿ ತಿಳಿಯುತ್ತದೆ ನಿಜ, ಆದರೆ ಎಲ್ಲ ದೋಣಿಗಳ ಬಾಕಿಯಲ್ಲಿ 30 ದಿನದೊಳಗಿನದೆಷ್ಟು, 60 ದಿನ ದಾಟಿದ್ದೆಷ್ಟು, 90 ದಿನ ದಾಟಿದ್ದೆಷ್ಟು ಎಂದು ತಿಳಿಯಲು ಪುಟಪುಟವನ್ನೂ ತಿರುವಿ ಕೂಡಿಸಬೇಕು. ಈ ಅಂಗಡಿಯ ನಿಜವಾದ ಪ್ರಶ್ನೆ ಬಾಕಿಯ ವಯಸ್ಸಿನದು. ಇದಕ್ಕೆ ದುಬಾರಿ ತಂತ್ರಾಂಶ ಬೇಕಾಗಿಲ್ಲ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ತಾರೀಕು, ದೋಣಿಯ ಹೆಸರು, ಬಿಲ್ ಸಂಖ್ಯೆ, ಮೊತ್ತ, ಜಮೆ ಎಂಬ ಐದು ಅಂಕಣಗಳನ್ನು ಇಟ್ಟುಕೊಂಡು, ಇಂದಿನ ತಾರೀಕಿನಿಂದ ಬಿಲ್ಲಿನ ತಾರೀಕನ್ನು ಕಳೆಯುವ ಆರನೆಯ ಅಂಕಣವೊಂದನ್ನು ಸೇರಿಸಿದರೆ ಬಾಕಿಯ ವಯಸ್ಸು ಕಣ್ಣೆದುರಿಗೆ ಬರುತ್ತದೆ. ಗಿರಾಕಿಗಳಿಗೆ ನೆನಪಿನ ಸಂದೇಶವೂ ಹೋಗಬೇಕೆಂದಿದ್ದರೆ ಖಾತಾಬುಕ್‌ನಂತಹ ಬಾಕಿ ಪುಸ್ತಕದ ಆ್ಯಪ್‌ಗಳು ಆ ಕೆಲಸವನ್ನು ಕನ್ನಡದಲ್ಲಿಯೇ ಮಾಡುತ್ತವೆ. ಆದರೆ ಇಂತಹ ಆ್ಯಪ್‌ನ ಮೂಲ ಕೆಲಸ ಬಾಕಿಯ ಲೆಕ್ಕವೇ ಹೊರತು ಗೋದಾಮಿನ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು.

ಬಾಳೆಕಾಯಿ ಚಿಪ್ಸ್, ಹಲಸಿನ ಹಪ್ಪಳ ಮಾರುವ ಅಂಗಡಿಯ ಪ್ರಶ್ನೆ ಬೇರೆಯೇ. ಸರಕು ಕಿಲೋ ಲೆಕ್ಕದಲ್ಲಿ ಬರುತ್ತದೆ, 200 ಗ್ರಾಂ ಪ್ಯಾಕೆಟ್‌ಗಳಲ್ಲಿಯೂ ಬಿಡಿಯಾಗಿಯೂ ಹೋಗುತ್ತದೆ. ವ್ಯಾಪಾರ್, ಮೈಬಿಲ್‌ಬುಕ್ ಮುಂತಾದ ಬಿಲ್ಲಿಂಗ್ ತಂತ್ರಾಂಶಗಳಲ್ಲಿ ಯಾವುದು ಈ ಅಂಗಡಿಗೆ ಹೊಂದುತ್ತದೆ ಎಂದು ತಿಳಿಯಲು ಒಂದೇ ಒಂದು ಪರೀಕ್ಷೆ ಸಾಕು. ಪ್ರಾಯೋಗಿಕ ಅವಧಿಯಲ್ಲಿ 15 ಕಿಲೋ ಚಿಪ್ಸ್ ಖರೀದಿ ಎಂದು ದಾಖಲಿಸಬೇಕು. ಬಳಿಕ 200 ಗ್ರಾಮಿನ 12 ಪ್ಯಾಕೆಟ್‌ಗಳಿಗೆ ಒಂದು ಬಿಲ್, ಬಿಡಿಯಾಗಿ 350 ಗ್ರಾಮಿಗೆ ಇನ್ನೊಂದು ಬಿಲ್ ಮಾಡಬೇಕು. ದಾಸ್ತಾನಿನಲ್ಲಿ 12.25 ಕಿಲೋ ಎಂದು ತೋರಿಸಿದರೆ ಆ ತಂತ್ರಾಂಶಕ್ಕೆ ನಿಮ್ಮ ವ್ಯಾಪಾರ ಅರ್ಥವಾಗಿದೆ. ಪ್ಯಾಕೆಟ್ಟನ್ನೂ ಬಿಡಿ ಚಿಪ್ಸನ್ನೂ ಅದು ಎರಡು ಬೇರೆ ಸರಕುಗಳೆಂದು ಹಿಡಿದು, ದಾಸ್ತಾನನ್ನು ನೀವೇ ಕೈಯಾರೆ ತಿದ್ದಬೇಕಾಗಿ ಬಂದರೆ, ಉಳಿದ ಸೌಲಭ್ಯಗಳು ಎಷ್ಟೇ ಇದ್ದರೂ ಆರು ತಿಂಗಳಲ್ಲಿ ದಾಸ್ತಾನಿನ ಲೆಕ್ಕ ನಂಬಲಾಗದ ಸ್ಥಿತಿಗೆ ಬರುತ್ತದೆ. ಮಾರಾಟ ಪ್ರತಿನಿಧಿ ತೋರಿಸುವ ಪ್ರದರ್ಶನಕ್ಕಿಂತ, ನಿಮ್ಮದೇ ಸರಕಿನ ಮೇಲೆ ನೀವೇ ಮಾಡುವ ಇಂತಹ ಚಿಕ್ಕ ಪರೀಕ್ಷೆಗೆ ಹೆಚ್ಚಿನ ಬೆಲೆ ಕೊಡಬೇಕು.

ಬೈಕಂಪಾಡಿಯಂತಹ ಕೈಗಾರಿಕಾ ಪ್ರದೇಶದಲ್ಲಿ ಕಚ್ಚಾ ಸರಕು, ಉತ್ಪಾದನೆ, ಸಿದ್ಧ ಸರಕು ಮೂರನ್ನೂ ಹಿಡಿಯಬೇಕಾದ ಘಟಕಗಳಿಗೆ ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್ ಒಂದು ಗಂಭೀರ ಆಯ್ಕೆ. ಪರವಾನಗಿ ಶುಲ್ಕ ಇಲ್ಲದಿದ್ದರೂ ಅದನ್ನು ಸ್ಥಾಪಿಸಿ ನೋಡಿಕೊಳ್ಳಲು ತಿಳಿದವರು ಬೇಕು. ಒಂದೇ ಕೌಂಟರ್‌ನ ಅಂಗಡಿಗೆ ಅದು ಅಗತ್ಯವಿಲ್ಲ.

ಜಿಎಸ್‌ಟಿ ಏನನ್ನು ಕೇಳುತ್ತದೆ

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಅನೇಕರು ತಂತ್ರಾಂಶ ಕೊಂಡದ್ದೇ ಅದರ ಭಯದಿಂದ. ಆದ್ದರಿಂದ ಕಾನೂನು ನಿಮ್ಮ ಗಾತ್ರದ ವ್ಯಾಪಾರದಿಂದ ಏನನ್ನು ಬಯಸುತ್ತದೆ ಎಂಬುದನ್ನು ಸ್ಪಷ್ಟವಾಗಿ ತಿಳಿದುಕೊಳ್ಳುವುದು ಹಣ ಉಳಿಸುವ ಮೊದಲ ದಾರಿ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದಾಗ, ಸೇವೆ ನೀಡುವವರಿಗೆ 20 ಲಕ್ಷ ದಾಟಿದಾಗ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಾಗುತ್ತದೆ. 1.5 ಕೋಟಿಯೊಳಗಿನ ವಹಿವಾಟಿನ ವ್ಯಾಪಾರಿಗಳು ರಾಜಿ ತೆರಿಗೆ ಪದ್ಧತಿಯನ್ನು, ಅಂದರೆ ಎಲ್ಲರ ಬಾಯಲ್ಲಿರುವ ಕಾಂಪೊಸಿಷನ್ ಯೋಜನೆಯನ್ನು, ಆರಿಸಿಕೊಳ್ಳಬಹುದು. ಅಲ್ಲಿ ವಹಿವಾಟಿನ ಮೇಲೆ ವರ್ತಕರಿಗೆ ಶೇಕಡಾ 1, ಮದ್ಯ ಪೂರೈಸದ ಹೋಟೆಲುಗಳಿಗೆ ಶೇಕಡಾ 5ರ ದರ. ಇವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ತೆರಿಗೆ ಬಿಲ್ಲಿನ ಬದಲಿಗೆ ಪೂರೈಕೆ ಬಿಲ್ಲನ್ನು ಕೊಡಬೇಕು, ತಾವು ಕಾಂಪೊಸಿಷನ್ ತೆರಿಗೆದಾರರು ಎಂಬುದನ್ನು ಅದರ ಮೇಲೆ ನಮೂದಿಸಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವ ಅಂಗಡಿಗೆ ತೆರಿಗೆ ವಿಂಗಡಿಸಿ ತೋರಿಸುವ ಬಿಲ್ಲನ್ನೇ ಮುದ್ರಿಸುವಂತೆ ತಂತ್ರಾಂಶವನ್ನು ಹೊಂದಿಸಿಟ್ಟರೆ ಅದು ಸೌಲಭ್ಯವಾಗುವುದಿಲ್ಲ, ಕಾನೂನಿನ ತೊಡಕಾಗುತ್ತದೆ.

ಸಾಮಾನ್ಯ ನೋಂದಣಿ ಇರುವವರಿಗೆ ಮುಖ್ಯವಾದದ್ದು ಖರೀದಿಯ ಕಡೆಯ ಲೆಕ್ಕ. ನಮಗೆ ಸರಕು ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳು ಪ್ರತಿ ತಿಂಗಳ 14ರಂದು ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬರುತ್ತವೆ. 2022ರ ಜನವರಿಯಿಂದ ಈ ಪಟ್ಟಿಗೆ ಬಾರದ ಬಿಲ್ಲಿನ ಮೇಲೆ ಹೂಡುವಳಿ ತೆರಿಗೆಯ ಲಾಭ, ಅಂದರೆ ಖರೀದಿಯಲ್ಲಿ ತೆತ್ತ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಅವಕಾಶ, ಪಡೆಯುವಂತಿಲ್ಲ. ನೀವು 18,000 ರೂಪಾಯಿ ತೆರಿಗೆ ತೆತ್ತು ಖರೀದಿಸಿದ ಸರಕಿನ ಬಿಲ್ಲನ್ನು ಮಾರಿದವರು ತೋರಿಸದಿದ್ದರೆ ಆ 18,000 ನಿಮ್ಮ ಕೈಯಿಂದ ಹೋದಂತೆ. ನಮ್ಮ ಖರೀದಿ ಪುಸ್ತಕವನ್ನೂ 2ಬಿ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ತೋರಿಸುವ ಸಾಮರ್ಥ್ಯಕ್ಕಾಗಿ ಹಣ ಕೊಟ್ಟರೆ ಅದು ಸಾರ್ಥಕವಾದ ಖರ್ಚು. ಬಿಲ್ಲುಗಳು ಕಡಿಮೆಯಿದ್ದರೆ 2ಬಿಯನ್ನು ಜಿಎಸ್‌ಟಿ ಪೋರ್ಟಲ್‌ನಿಂದ ಎಕ್ಸೆಲ್ ಕಡತವಾಗಿ ಇಳಿಸಿಕೊಂಡು ಕೈಯಲ್ಲೇ ತಾಳೆ ನೋಡಬಹುದು. ಇನ್ನು ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ವ್ಯವಸ್ಥೆ, ಕಡ್ಡಾಯವಾಗುವುದು ವಾರ್ಷಿಕ ವಹಿವಾಟು 5 ಕೋಟಿ ದಾಟಿದ ಸಂಸ್ಥೆಗಳಿಗೆ ಮಾತ್ರ. ಅದರೊಳಗಿರುವವರು ಆ ಒಂದು ಸೌಲಭ್ಯದ ಹೆಸರಿನಲ್ಲಿ ದುಬಾರಿ ಆವೃತ್ತಿಯನ್ನು ಕೊಳ್ಳಬೇಕಾಗಿಲ್ಲ.

ದರಗಳು ಬದಲಾಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಂದು ಐಸ್‌ಕ್ರೀಮಿನ ಮೇಲಿನ ತೆರಿಗೆ ಶೇಕಡಾ 18ರಿಂದ 5ಕ್ಕೂ, ಕುರುಕಲು ತಿಂಡಿಗಳ ಮೇಲಿನದು 12ರಿಂದ 5ಕ್ಕೂ ಇಳಿಯಿತು. ಐಸ್‌ಕ್ರೀಮಿಗೆ ಹೆಸರಾದ ಮಂಗಳೂರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಒಂದು ಗುಂಪಿನ ಸರಕುಗಳ ದರವನ್ನು ಒಟ್ಟಿಗೆ ಬದಲಿಸಬಲ್ಲ ತಂತ್ರಾಂಶವಿದ್ದವರಿಗೆ ಅದು ಕೆಲವೇ ನಿಮಿಷಗಳ ಕೆಲಸ. ಪ್ರತಿ ಸರಕನ್ನೂ ಬಿಡಿಬಿಡಿಯಾಗಿ ತಿದ್ದಬೇಕಾದವರಿಗೆ ಅದೇ ಕೆಲಸ ಗಂಟೆಗಟ್ಟಲೆಯದು, ಅದರಲ್ಲಿ ತಪ್ಪುಗಳಿಗೂ ಅವಕಾಶವಿದೆ.

ಕಾನೂನಿನ ಮಾತು ಬಂದಾಗ 2025ರ ಜುಲೈ ತಿಂಗಳನ್ನು ನೆನೆಯದೆ ಇರಲಾಗದು. ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕಳುಹಿಸಿತು. ಕ್ಯೂಆರ್ ಕೋಡ್ ತೆಗೆದುಹಾಕಿ ‘ನಗದು ಮಾತ್ರ’ ಎಂಬ ಫಲಕ ಹಾಕಿದವರೂ ಇದ್ದರು. ಆ ಭಯ ಅರ್ಥವಾಗುವಂಥದ್ದೇ. ಆದರೆ ಹಾಲು, ತರಕಾರಿ, ಹಸಿ ಮೀನಿನಂತಹ ತೆರಿಗೆ ವಿನಾಯಿತಿಯ ಸರಕುಗಳನ್ನಷ್ಟೇ ಮಾರುವವರು ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ. ಮನೆಯವರು ಕಳುಹಿಸಿದ ಹಣ, ಕೈಸಾಲ ಹಿಂದಿರುಗಿ ಬಂದದ್ದು ಮಾರಾಟವೂ ಅಲ್ಲ. ಇದನ್ನು ತೋರಿಸಿಕೊಡಲು ದಾಖಲೆ ಬೇಕು ಅಷ್ಟೆ. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಅದಕ್ಕೆ ಮಾತ್ರ ಜೋಡಿಸಿದ ಕ್ಯೂಆರ್ ಕೋಡ್, ದಿನದ ಮಾರಾಟವನ್ನು ವಿನಾಯಿತಿಯದು ಮತ್ತು ತೆರಿಗೆಯದು ಎಂದು ಬೇರ್ಪಡಿಸಿ ಬರೆಯುವ ಅಭ್ಯಾಸ: ಈ ಮೂರಕ್ಕೆ ತಂತ್ರಾಂಶದ ಖರ್ಚೇ ಇಲ್ಲ. ನನ್ನ ದೃಷ್ಟಿಯಲ್ಲಿ ಸಣ್ಣ ವ್ಯಾಪಾರಿಗಳು ಮಾಡಿಕೊಳ್ಳಬೇಕಾದ ಅತ್ಯಂತ ಅಗತ್ಯದ ಬದಲಾವಣೆ ಇದೇ. ಮನೆಯ ಹಣ ಮತ್ತು ಅಂಗಡಿಯ ಹಣ ಒಂದೇ ಖಾತೆಯಲ್ಲಿ ಬೆರೆತಿರುವವರೆಗೆ ಯಾವ ತಂತ್ರಾಂಶದಿಂದಲೂ ಲಾಭ ನಷ್ಟದ ಸರಿಯಾದ ಚಿತ್ರ ಸಿಗಲಾರದು.

ಉಚಿತ, ಅಗ್ಗ ಮತ್ತು ನಿಜವಾದ ಖರ್ಚು

ತಂತ್ರಾಂಶದ ಬೆಲೆಯನ್ನು ಒಂದು ವರ್ಷಕ್ಕೆ ನೋಡದೆ ಮೂರು ವರ್ಷಗಳಿಗೆ ನೋಡಬೇಕು. ಮೊದಲ ವರ್ಷದ ರಿಯಾಯಿತಿ ಎರಡನೆಯ ವರ್ಷ ಇರುತ್ತದೆಯೇ, ಎರಡನೆಯ ಕಂಪ್ಯೂಟರ್‌ಗೆ ಅಥವಾ ಮೊಬೈಲ್‌ಗೆ ಬೇರೆ ಶುಲ್ಕವೇ, ದೂರವಾಣಿ ನೆರವಿಗೆ ಹಣವೇ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ತಂತ್ರಾಂಶದ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. 3,000 ರೂಪಾಯಿಯ ತಂತ್ರಾಂಶಕ್ಕೆ 3,540 ಕೊಡಬೇಕು. ಸಾಮಾನ್ಯ ನೋಂದಣಿಯವರು ಆ 540ನ್ನು ಹೂಡುವಳಿ ತೆರಿಗೆಯಾಗಿ ಹೊಂದಿಸಿಕೊಳ್ಳಬಹುದು, ಕಾಂಪೊಸಿಷನ್‌ನವರಿಗೆ ಆ ಅವಕಾಶವಿಲ್ಲ.

ಇದರ ಜೊತೆಗೆ ಯಾರೂ ಬರೆದಿಡದ ಖರ್ಚೊಂದಿದೆ. ಉಚಿತ ಸಾಧನವೊಂದು ದಿನಕ್ಕೆ 20 ನಿಮಿಷ ಹೆಚ್ಚು ಕೆಲಸ ಕೊಟ್ಟರೆ, ವರ್ಷದ 300 ದಿನಗಳಲ್ಲಿ ಅದು 100 ಗಂಟೆಗಳಾಗುತ್ತದೆ. ಮನೆಯವರೇ ಕುಳಿತು ಬರೆದರೂ ಆ ಹೊತ್ತಿಗೆ ಬೆಲೆಯಿದೆ, ಮತ್ತು ಕರಾವಳಿಯ ಅನೇಕ ಅಂಗಡಿಗಳಲ್ಲಿ ಹಗಲು ಕೌಂಟರಿನಲ್ಲಿ, ರಾತ್ರಿ ಲೆಕ್ಕದಲ್ಲಿ ದುಡಿಯುವ ಹೆಣ್ಣುಮಕ್ಕಳ ಶ್ರಮ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಉಚಿತವಾದದ್ದನ್ನು ಸಂಶಯದಿಂದ ನೋಡಬೇಕು ಎಂದು ಇದರ ಅರ್ಥವಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸರಕುಗಳ ಚಿತ್ರಪಟ್ಟಿ, ಸಿದ್ಧ ಉತ್ತರಗಳು, ಗಿರಾಕಿಗಳನ್ನು ವಿಂಗಡಿಸಿಕೊಳ್ಳಲು ಲೇಬಲ್‌ಗಳು, ಇವೆಲ್ಲ ಹಣವಿಲ್ಲದೆ ಸಿಗುತ್ತವೆ. ಫೋನಿನಲ್ಲಿ ಆರ್ಡರ್ ಪಡೆಯುವ ಬೇಕರಿಗೋ ಕೇಟರಿಂಗ್‌ಗೋ ಅದಕ್ಕಿಂತ ಉಪಯುಕ್ತ ಆರಂಭ ಇನ್ನೊಂದಿಲ್ಲ. 1986ರಲ್ಲಿ ಆರಂಭವಾದ, ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶವನ್ನೂ ಕಲಿಕೆಯ ಸಲುವಾಗಿ ಉಚಿತವಾಗಿ ಹಾಕಿಕೊಳ್ಳಬಹುದು. ಆ ಸ್ಥಿತಿಯಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕುಗಳ ದಾಖಲೆಗಳನ್ನಷ್ಟೇ ಅದು ಸ್ವೀಕರಿಸುತ್ತದೆ, ಪರೀಕ್ಷಿಸಿ ನೋಡಲು ಅಷ್ಟು ಸಾಕು. ಬೀಗ ಮುರಿದ ಪ್ರತಿಯನ್ನು ಹಾಕಿಸಿಕೊಳ್ಳುವುದು ಮಾತ್ರ ಯಾವ ಲೆಕ್ಕದಲ್ಲಿಯೂ ಅಗ್ಗವಲ್ಲ. ಅದು ಕಾನೂನುಬಾಹಿರ, ಅದಕ್ಕೆ ದರ ಬದಲಾವಣೆಯ ಪರಿಷ್ಕರಣೆಗಳು ಸಿಗುವುದಿಲ್ಲ, ಮತ್ತು ಅಂತಹ ಪ್ರತಿಗಳ ಜೊತೆಗೇ ವೈರಸ್ ಒಳಬಂದು ಇಡೀ ವರ್ಷದ ಲೆಕ್ಕ ಕೈತಪ್ಪುವ ಅಪಾಯವಿದೆ.

ಲೆಕ್ಕ ಯಾರ ವಶದಲ್ಲಿದೆ

ಹಣಕ್ಕಿಂತ ಹೆಚ್ಚು ಎಚ್ಚರ ಬೇಕಾದ ವಿಷಯ ಇದು. ಅಂಗಡಿಯ ತಂತ್ರಾಂಶದ ಖಾತೆ ಯಾರ ಮೊಬೈಲ್ ಸಂಖ್ಯೆಯಲ್ಲಿ, ಯಾರ ಇಮೇಲ್‌ನಲ್ಲಿ ತೆರೆಯಲಾಗಿದೆ ಎಂಬುದನ್ನು ಇಂದೇ ನೋಡಿಕೊಳ್ಳಬೇಕು. ಹಾಕಿಕೊಟ್ಟ ತಂತ್ರಜ್ಞರ ಸಂಖ್ಯೆಯಲ್ಲಿ, ಇಲ್ಲವೇ ಈಗ ಬೆಂಗಳೂರಿಗೋ ಗಲ್ಫ್‌ಗೋ ಹೋಗಿರುವ ಅಳಿಯನ ಸಂಖ್ಯೆಯಲ್ಲಿ ಅದು ಇದ್ದರೆ, ಒಟಿಪಿ ಅವರಿಗೆ ಹೋಗುತ್ತದೆ, ಲೆಕ್ಕದ ಬೀಗದ ಕೈಯೂ ಅವರ ಬಳಿಯೇ ಇರುತ್ತದೆ. ಅಂಗಡಿಯ ಹೆಸರಿನಲ್ಲಿ ಒಂದು ಇಮೇಲ್, ಅಂಗಡಿಯಲ್ಲೇ ಇರುವ ಒಂದು ಸಿಮ್, ಎಲ್ಲ ಖಾತೆಗಳಿಗೂ ಅವೇ ಎಂಬ ನಿಯಮ ಇರಬೇಕು. ಕೆಲಸದವರಿಗೆ ಪ್ರತ್ಯೇಕ ಲಾಗಿನ್ ಕೊಟ್ಟು, ಮಾಡಿದ ಬಿಲ್ಲನ್ನು ಅಳಿಸುವ ಮತ್ತು ರಿಯಾಯಿತಿ ಕೊಡುವ ಅಧಿಕಾರವನ್ನು ಮಾಲೀಕರೇ ಇಟ್ಟುಕೊಂಡರೆ ಯಾರ ಮೇಲೂ ಅನುಮಾನ ಪಡಬೇಕಾದ ಸಂದರ್ಭ ಬರುವುದಿಲ್ಲ.

ಎರಡನೆಯದಾಗಿ, ಒಳಗೆ ಹಾಕಿದ ಲೆಕ್ಕವನ್ನು ಹೊರಗೆ ತೆಗೆಯಲು ಸಾಧ್ಯವೇ ಎಂಬುದನ್ನು ಕೊಳ್ಳುವ ಮೊದಲೇ ಮಾಡಿ ನೋಡಬೇಕು. ಒಂದು ವಾರದ ನಿಜವಾದ ಬಿಲ್ಲುಗಳನ್ನು ಹಾಕಿ, ಎಲ್ಲವನ್ನೂ ಎಕ್ಸೆಲ್ ಅಥವಾ ಸಿಎಸ್‌ವಿ ಕಡತವಾಗಿ ಇಳಿಸಿ, ಸರಕಿನ ಹೆಸರು, ತೆರಿಗೆ, ಗಿರಾಕಿಯ ಜಿಎಸ್‌ಟಿ ಸಂಖ್ಯೆ ಎಲ್ಲವೂ ಬಂದಿವೆಯೇ ಎಂದು ಪರಿಶೀಲಿಸಬೇಕು. ಪಿಡಿಎಫ್ ಮಾತ್ರ ಬರುತ್ತದೆ ಎಂದಾದರೆ ಆ ತಂತ್ರಾಂಶದಿಂದ ಮುಂದೆ ಹೊರಬರುವುದು ಕಷ್ಟ. ಅದೇ ಕಡತವನ್ನು ನಿಮ್ಮ ಸಿಎ ಅವರಿಗೆ ಕಳುಹಿಸಿ, ಅವರು ಬಳಸುವ ತಂತ್ರಾಂಶಕ್ಕೆ ಅದನ್ನು ಸೇರಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳುವುದು ಸೂಕ್ತ. ಆಗದಿದ್ದರೆ ನೀವು ಒಮ್ಮೆ ಬರೆದದ್ದನ್ನು ಅವರ ಕಚೇರಿಯಲ್ಲಿ ಮತ್ತೊಮ್ಮೆ ಬರೆಯುತ್ತಾರೆ, ಆ ಕೆಲಸಕ್ಕೂ ನೀವೇ ಹಣ ಕೊಡುತ್ತೀರಿ.

ಮಳೆಗಾಲವನ್ನು ಮರೆತು ಕರಾವಳಿಯಲ್ಲಿ ಯಾವ ಸಾಧನವನ್ನೂ ಆರಿಸಲಾಗದು. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತೂ ಇಂಟರ್‌ನೆಟ್ಟೂ ಒಟ್ಟಿಗೆ ಹೋದ ಸಂಜೆ ಬಿಲ್ ಮಾಡಲು ಸಾಧ್ಯವೇ ಎಂಬುದು ಇಲ್ಲಿನ ನಿಜವಾದ ಪರೀಕ್ಷೆ. ಪೂರ್ತಿ ಇಂಟರ್‌ನೆಟ್ಟನ್ನೇ ನೆಚ್ಚಿಕೊಂಡ ತಂತ್ರಾಂಶ ಆಗ ನಿಂತುಹೋಗುತ್ತದೆ. ಲೆಕ್ಕವನ್ನು ಅಂಗಡಿಯ ಕಂಪ್ಯೂಟರ್‌ನಲ್ಲೇ ಇಡುವ ತಂತ್ರಾಂಶ ಯುಪಿಎಸ್ ಇರುವಷ್ಟು ಹೊತ್ತು ನಡೆಯುತ್ತದೆ. ಮೊಬೈಲ್‌ನ ಡೇಟಾ ಬಂದ್ ಮಾಡಿ ಒಂದು ಬಿಲ್ ಮಾಡಿ ನೋಡಿದರೆ ಯಾವುದು ಯಾವ ಬಗೆಯದು ಎಂದು ತಿಳಿಯುತ್ತದೆ. ಆದರೆ ಅಂಗಡಿಯಲ್ಲೇ ಇರುವ ಲೆಕ್ಕಕ್ಕೆ ನೀರಿನ ಭಯವಿದೆ. ಕೊಟ್ಟಾರ ಚೌಕಿ, ಪಾಂಡೇಶ್ವರದಂತಹ ತಗ್ಗು ಪ್ರದೇಶಗಳಲ್ಲಿ ಮಳೆನೀರು ಅಂಗಡಿಯೊಳಗೆ ನುಗ್ಗುವುದು ಹೊಸತಲ್ಲ. ಮೇಜಿನ ಕೆಳಗಿಟ್ಟ ಕಂಪ್ಯೂಟರ್, ಅದರ ಪಕ್ಕದಲ್ಲೇ ಇಟ್ಟ ಬ್ಯಾಕಪ್ ಡಿಸ್ಕ್ ಎರಡೂ ಒಟ್ಟಿಗೆ ನೆನೆಯುತ್ತವೆ. ಒಂದು ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲಿ, ಒಂದು ಮನೆಗೆ ಒಯ್ಯುವ ಪೆನ್‌ಡ್ರೈವ್‌ನಲ್ಲಿ, ಒಂದು ಗೂಗಲ್ ಡ್ರೈವ್‌ನಂತಹ ದೂರದ ಸಂಗ್ರಹದಲ್ಲಿ ಇರಲಿ. ಥರ್ಮಲ್ ಕಾಗದದ ಖರೀದಿ ಬಿಲ್ಲುಗಳ ಅಕ್ಷರ ಸೆಕೆಗೂ ತೇವಕ್ಕೂ ಬೇಗನೆ ಮಾಸುತ್ತದೆ. ಜಿಎಸ್‌ಟಿ ಕಾನೂನು ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಉಳಿಸಿಕೊಳ್ಳಬೇಕೆನ್ನುತ್ತದೆ. ಬಿಲ್ ಕೈಗೆ ಬಂದ ದಿನವೇ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ತಿಂಗಳುವಾರು ಕಡತಗಳಲ್ಲಿ ಇಡುವುದೊಂದೇ ಇದಕ್ಕೆ ಪರಿಹಾರ.

ಬಿಲ್ ಕನ್ನಡದಲ್ಲಿ ಬೇಕೆನ್ನುವವರು, ಬೇಕೆನ್ನಬೇಕೆಂದೇ ನನ್ನ ಆಸೆ, ಮುದ್ರಕವನ್ನೂ ಸೇರಿಸಿ ಪರೀಕ್ಷಿಸಬೇಕು. ಅಗ್ಗದ ಥರ್ಮಲ್ ಮುದ್ರಕಗಳಲ್ಲಿ ಕನ್ನಡ ಅಕ್ಷರಗಳು ಇರುವುದಿಲ್ಲ, ತಂತ್ರಾಂಶವು ಬಿಲ್ಲನ್ನು ಚಿತ್ರವಾಗಿ ಕಳುಹಿಸಿದರೆ ಮಾತ್ರ ಸರಿಯಾಗಿ ಬರುತ್ತದೆ. ‘ಹಪ್ಪಳ’, ‘ಬೆಲ್ಲ’, ‘ಕೊತ್ತಂಬರಿ’ ಎಂಬ ಮೂರು ಹೆಸರುಗಳನ್ನು ಮುದ್ರಿಸಿ ಒತ್ತಕ್ಷರಗಳು ಕೆಟ್ಟಿಲ್ಲವೇ ಎಂದು ನೋಡಿದರೆ ಸಾಕು. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಬರೆದಿಟ್ಟ ಸರಕು ಪಟ್ಟಿಯಿದ್ದರೆ ಅದನ್ನು ಮೊದಲು ಯೂನಿಕೋಡ್‌ಗೆ, ಅಂದರೆ ಈಗಿನ ಸಾಧನಗಳೆಲ್ಲ ಓದಬಲ್ಲ ಅಕ್ಷರ ಪದ್ಧತಿಗೆ, ಪರಿವರ್ತಿಸಿಕೊಳ್ಳಬೇಕು.

ದಿನದ ಅಭ್ಯಾಸ ಮತ್ತು ಬದಲಾವಣೆಯ ಹೊತ್ತು

1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಇಂದಿಗೂ ಈ ಭಾಗದ ಅಂಗಡಿಗಳಲ್ಲಿ ಪಿಗ್ಮಿ ಕಟ್ಟುವುದು ದಿನಚರಿಯ ಅಂಗ. ಲೆಕ್ಕ ಬರೆಯುವುದೂ ಹಾಗೆಯೇ ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ನಡೆಯಬೇಕಾದ ಕೆಲಸ. ತಿಂಗಳ ಕೊನೆಗೆ ಚೀಲದ ತುಂಬ ಬಿಲ್ಲುಗಳನ್ನು ಒಯ್ದು ಸಿಎ ಕಚೇರಿಯಲ್ಲಿ ಇಡುವವರಿಗೆ ಅತ್ಯುತ್ತಮ ತಂತ್ರಾಂಶದಿಂದಲೂ ಪ್ರಯೋಜನವಿಲ್ಲ, ಏಕೆಂದರೆ ಅವರಿಗೆ ಸಿಗುವುದು ಹಿಂದಿನ ತಿಂಗಳ ಸುದ್ದಿ. ಅಂಗಡಿ ಮುಚ್ಚುವ ಮೊದಲಿನ ಹತ್ತು ನಿಮಿಷದಲ್ಲಿ ನಗದು ಎಣಿಸಿ, ಯುಪಿಐ ಮೊತ್ತ ನೋಡಿ, ಬಿಲ್ಲುಗಳ ಮೊತ್ತಕ್ಕೆ ತಾಳೆ ಹಾಕಿ, ವ್ಯತ್ಯಾಸವಿದ್ದರೆ ಅಂದೇ ಅದರ ಕಾರಣ ಬರೆದಿಡಬೇಕು. ಮರುದಿನವಾದರೆ ಆ ಕಾರಣ ಯಾರಿಗೂ ನೆನಪಿರುವುದಿಲ್ಲ.

ಹೊಸ ತಂತ್ರಾಂಶಕ್ಕೆ ಹೋಗುವವರು ಏಪ್ರಿಲ್ 1ರಂದು ಆರಂಭಿಸಿದರೆ ಒಳ್ಳೆಯದು, ಅದು ತಪ್ಪಿದರೆ ತ್ರೈಮಾಸಿಕದ ಮೊದಲ ದಿನ. ಅದಕ್ಕೆ ಮುನ್ನ ದಾಸ್ತಾನನ್ನು ಕೈಯಾರೆ ಎಣಿಸಿ, ಪ್ರತಿ ಗಿರಾಕಿಯ ಬಾಕಿಯನ್ನು ಅವರಿಗೇ ತೋರಿಸಿ ಒಪ್ಪಿಗೆ ಪಡೆದು, ಆ ಅಂಕಿಗಳನ್ನೇ ಆರಂಭಿಕ ಶಿಲ್ಕಾಗಿ ಹಾಕಬೇಕು. ಮೊದಲ ತಿಂಗಳು ಹಳೆಯ ಪುಸ್ತಕ ಮತ್ತು ಹೊಸ ತಂತ್ರಾಂಶ ಎರಡನ್ನೂ ಒಟ್ಟಿಗೆ ನಡೆಸಿ, ವಾರಕ್ಕೊಮ್ಮೆ ಎರಡರ ಮೊತ್ತವನ್ನು ಹೋಲಿಸಬೇಕು. ಒಂದೇ ಸಂಖ್ಯೆಯ ಬಿಲ್ ಎರಡು ಕಡೆ ಹೊರಡದಂತೆ ಬಿಲ್ ಸಂಖ್ಯೆಯ ಸರಣಿಯನ್ನು ಹೊಸದಾಗಿ ಆರಂಭಿಸುವುದು ಕ್ಷೇಮ. ಹಳೆಯ ತಂತ್ರಾಂಶದ ವಾರ್ಷಿಕ ಶುಲ್ಕ ನಿಲ್ಲಿಸುವ ಮೊದಲು, ಶುಲ್ಕ ನಿಂತ ಮೇಲೆಯೂ ಹಳೆಯ ಲೆಕ್ಕವನ್ನು ತೆರೆದು ನೋಡಲು ಅವಕಾಶವಿದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಬೇಕು. ಇಲ್ಲವೆಂದರೆ ಪ್ರತಿ ಗಿರಾಕಿಯ ಖಾತೆ, ಖರೀದಿ ಪುಸ್ತಕ, ಮಾರಾಟ ಪುಸ್ತಕ, ದಾಸ್ತಾನು ಪಟ್ಟಿ ಇವುಗಳನ್ನು ವರ್ಷವಾರು ಇಳಿಸಿಕೊಂಡು, ಒಂದು ಪ್ರತಿಯನ್ನು ಸಿಎ ಅವರಿಗೂ ಕೊಟ್ಟು, ಆ ಬಳಿಕವೇ ಶುಲ್ಕ ನಿಲ್ಲಿಸಬೇಕು.